ಮೂರನೇ ದಿನಕ್ಕೆ ವಾಪಸ್ ಹೋಗುವ ದುಡ್ಡು

ಪ್ರಶ್ನೆ: ನಾನು ತುಮಕೂರಿನವನು. ಎಫ್‌ಡಿಎ, ಎಸ್‌ಡಿಎ, ಪಿಡಿಒ ಪರೀಕ್ಷೆಗೆ ಓದುವವರಿಗಾಗಿ ಒಬ್ಬನೇ ಕೂತು ಒಂದು ಆಂಡ್ರಾಯ್ಡ್ ಆ್ಯಪ್ ಮಾಡಿದ್ದೇನೆ. ಹಳೆಯ ಪ್ರಶ್ನೆಪತ್ರಿಕೆಗಳು ಉಚಿತ, ಅಣಕು ಪರೀಕ್ಷೆಗಳಿಗೆ ತಿಂಗಳಿಗೆ 99 ರೂಪಾಯಿ ಸಬ್‌ಸ್ಕ್ರಿಪ್ಷನ್. ಹೋದ ತಿಂಗಳು ಸುಮಾರು 200 ಆರ್ಡರ್ ಬಂದವು. ಅದರಲ್ಲಿ 60ಕ್ಕೂ ಜಾಸ್ತಿ ರೀಫಂಡ್ ಆಗಿವೆ. ನಾನು ಒಂದನ್ನೂ ರೀಫಂಡ್ ಮಾಡಿಲ್ಲ. ಹೆಚ್ಚುಕಡಿಮೆ ಎಲ್ಲವೂ ಕೊಂಡ ಮೂರನೇ ದಿನಕ್ಕೇ ಆಗಿವೆ. ಕೆಲವರು ‘ದುಡ್ಡು ಕಟ್ ಆಯ್ತು, ಟೆಸ್ಟ್ ಓಪನ್ ಆಗ್ತಿಲ್ಲ, ಕಳ್ಳ ಆ್ಯಪ್’ ಅಂತ ಬರೆದು ಒಂದೇ ಸ್ಟಾರ್ ಕೊಟ್ಟಿದ್ದಾರೆ. ಇನ್ನು ಕೆಲವರಿಗೆ ಹಣ ವಾಪಸ್ ಹೋಗಿದ್ದರೂ ಪ್ರೀಮಿಯಂ ಆರಾಮಾಗಿ ನಡೆಯುತ್ತಿದೆ. ಎರಡನೇ ತಿಂಗಳಿಗೆ ಅರ್ಧಕ್ಕರ್ಧ ಜನ ಉಳಿಯುವುದಿಲ್ಲ. ಗ್ರಾಹಕರೇ ಮೋಸ ಮಾಡುತ್ತಿದ್ದಾರಾ ಸರ್? ಗೆಳೆಯನೊಬ್ಬ ‘ಈ ರಗಳೆ ಬಿಡು, ಆ್ಯಪ್ ಒಳಗೇ ನಿನ್ನ ಯುಪಿಐ ಕ್ಯೂಆರ್ ಹಾಕು’ ಎನ್ನುತ್ತಾನೆ. ಸಬ್‌ಸ್ಕ್ರಿಪ್ಷನ್ನೇ ಬಿಟ್ಟುಬಿಡಲಾ? ಬಿಲ್ಲಿಂಗ್ ಕೋಡ್ ಫೈಲ್ ಜೊತೆಗಿಟ್ಟಿದ್ದೇನೆ.

ಉತ್ತರ: ಕೋಡ್ ಕಳಿಸಿದ್ದು ಒಳ್ಳೆಯದಾಯಿತು. ಅದಿಲ್ಲದಿದ್ದರೆ ನಾನೂ ಊಹೆಯ ಮೇಲೆ ಮಾತಾಡಬೇಕಿತ್ತು. ನಿಮ್ಮ ಚಿಂತೆ ಮೂರು ಎಳೆಯದು. ತಾನಾಗಿ ಆಗುವ ರೀಫಂಡ್, ದುಡ್ಡು ಕೊಟ್ಟರೂ ತೆರೆಯದ ಬೀಗ, ಎರಡನೇ ತಿಂಗಳಿಗೆ ಕರಗುವ ಜನ. ಮೂರೂ ಬೇರೆ ಬೇರೆ ಕಾಯಿಲೆಯ ಹಾಗೆ ಕಾಣುತ್ತವೆ. ಬೇರು ಒಂದೇ: ಯಾರು ದುಡ್ಡು ಕಟ್ಟಿದ್ದಾರೆ ಎನ್ನುವ ಲೆಕ್ಕದ ಪುಸ್ತಕವನ್ನು ನೀವು ಗ್ರಾಹಕರ ಫೋನಿನಲ್ಲಿ ಇಟ್ಟಿದ್ದೀರಿ.

ಮೊದಲು ಮೋಸದ ಮಾತು. ಮೋಸ ಮಾಡುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಕೊಂಡ 48 ಗಂಟೆಯೊಳಗೆ ಗೂಗಲ್ ಪ್ಲೇನಲ್ಲೇ ರೀಫಂಡ್ ಕೇಳಬಹುದು. ರಾತ್ರಿ ಕೂತು ನಾಲ್ಕು ಟೆಸ್ಟ್ ಬರೆದು ಬೆಳಿಗ್ಗೆ ಹಣ ವಾಪಸ್ ಕೇಳುವವರು ನನಗೂ ಸಿಕ್ಕಿದ್ದಾರೆ. ಆದರೆ ಅವರ ರೀಫಂಡ್ ಸಮಯ ಚೆದುರಿರುತ್ತದೆ. ಒಬ್ಬರದು ಎರಡು ಗಂಟೆಗೆ, ಇನ್ನೊಬ್ಬರದು ಒಂದೂವರೆ ದಿನಕ್ಕೆ. ಅರವತ್ತು ಜನ ಮಾತಾಡಿಕೊಂಡವರ ಹಾಗೆ ಸರಿಯಾಗಿ ಮೂರನೇ ದಿನಕ್ಕೆ ಕೇಳುವುದಿಲ್ಲ, ಅಲ್ವಾ? ಆ್ಯಪ್ ಮಾಡುವವರಿಗೆ ಗೂಗಲ್ ಕೊಡುವ ಪ್ಲೇ ಕನ್ಸೋಲ್ ಪುಟದ ಆರ್ಡರ್ ಪಟ್ಟಿಯಲ್ಲಿ ಕೊಂಡ ಹೊತ್ತು, ವಾಪಸ್ ಹೋದ ಹೊತ್ತು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಅಂತರ ಮೂರು ದಿನವಾದರೆ ಗ್ರಾಹಕರನ್ನು ಬಯ್ಯಬೇಡಿ. ಅದು ನಿಮ್ಮ ಆ್ಯಪ್ ಮಾಡಿಕೊಂಡದ್ದು.

ಇದರ ಹಿಂದೆ ಒಂದು ನಿಯಮವಿದೆ. 2019ರಲ್ಲಿ ಪ್ಲೇ ಬಿಲ್ಲಿಂಗ್ ಲೈಬ್ರರಿಯ (ಆ್ಯಪ್ ಒಳಗೆ ಹಣ ಕಟ್ಟಿಸಿಕೊಳ್ಳಲು ಗೂಗಲ್ ಕೊಡುವ ಸಿದ್ಧ ಕೋಡ್) ಎರಡನೇ ಆವೃತ್ತಿಯ ಜೊತೆ ಬಂದದ್ದು. ಹಣ ಸಂದಾಯವಾದ ಮೇಲೆ ಮೂರು ದಿನದೊಳಗೆ ಆ್ಯಪ್ ಅಥವಾ ಅದರ ಸರ್ವರ್ ‘ಹೌದು, ಈ ಖರೀದಿ ನನಗೆ ತಲುಪಿದೆ, ಸರಕು ಕೊಟ್ಟಿದ್ದೇನೆ’ ಎಂದು ಹೇಳಬೇಕು. ಇದಕ್ಕೆ ಅಕ್ನಾಲೆಜ್ ಮಾಡುವುದು ಎನ್ನುತ್ತೇವೆ. ಹೇಳದಿದ್ದರೆ ಸರಕು ಸಿಕ್ಕಿಲ್ಲ ಎಂದೇ ಲೆಕ್ಕ. ಹಣ ತಾನಾಗಿ ವಾಪಸ್. ಕೊಂಡವರ ಕಡೆಯಿಂದ ನೋಡಿದರೆ ನ್ಯಾಯವಾದ ನಿಯಮವೇ. ರಿನ್ಯೂವಲ್‌ಗಳಿಗೆ ಇದು ಬೇಕಿಲ್ಲ. ಮೊದಲ ಖರೀದಿಗೆ ಬೇಕು, ಪ್ಲಾನ್ ಬದಲಾಯಿಸಿ ಹೊಸ ಟೋಕನ್ (ಖರೀದಿಗೆ ಪ್ಲೇ ಕೊಡುವ ಗುರುತು) ಬಂದಾಗ ಮತ್ತೆ ಬೇಕು.

ನಿಮ್ಮ ಕೋಡಿನಲ್ಲಿ ಅಕ್ನಾಲೆಜ್ ಇದೆ. ಆದರೆ ಇರುವುದು ಒಂದೇ ಕಡೆ: ಖರೀದಿ ಮುಗಿದ ಕೂಡಲೇ ಬರುವ ಕಾಲ್‌ಬ್ಯಾಕ್ ಒಳಗೆ, ಅಂದರೆ ಪ್ಲೇ ಸುದ್ದಿ ಮುಟ್ಟಿಸಿದಾಗ ಓಡುವ ಕೋಡಿನಲ್ಲಿ. ಈಗ ಒಬ್ಬ ಹುಡುಗಿ ಕೊಳ್ಳುವುದನ್ನು ಕಲ್ಪಿಸಿಕೊಳ್ಳಿ. ಫೋನಿನಲ್ಲಿ 3 ಜಿಬಿ ರ‍್ಯಾಮ್. 99 ರೂಪಾಯಿ ಬಟನ್ ಒತ್ತುತ್ತಾಳೆ. ಪ್ಲೇನ ಹಾಳೆ ಮೇಲೆ ಬರುತ್ತದೆ, ಯುಪಿಐ ಆರಿಸುತ್ತಾಳೆ, ಪರದೆ ಯುಪಿಐ ಆ್ಯಪ್‌ಗೆ ಹಾರುತ್ತದೆ. ಪಿನ್ ಹಾಕುತ್ತಾಳೆ, ಬ್ಯಾಂಕಿನ ಚಕ್ರ ತಿರುಗುತ್ತಲೇ ಇರುತ್ತದೆ. ಅಷ್ಟರಲ್ಲಿ ಜಾಗ ಸಾಲದೆ ಆಂಡ್ರಾಯ್ಡ್ ಹಿಂದೆ ಕೂತಿದ್ದ ನಿಮ್ಮ ಆ್ಯಪ್ಪನ್ನು ಮುಚ್ಚಿಬಿಡುತ್ತದೆ. ಹಣ ಹೋಯಿತು. ಸುದ್ದಿ ಕೇಳಬೇಕಾದ ಕಾಲ್‌ಬ್ಯಾಕ್ ಆಗಲೇ ಸತ್ತಿದೆ. ವಾಪಸ್ ಬಂದು ಆ್ಯಪ್ ತೆರೆದರೆ ಮೊದಲಿನಂತೆಯೇ ಬೀಗ. ‘ಕಳ್ಳ ಆ್ಯಪ್’ ಎಂದು ಬರೆದದ್ದು ಅವಳೇ. ಮೂರು ದಿನ ಕಳೆಯಿತು, ಹಣ ವಾಪಸ್.

ಇನ್ನೊಂದು ದಾರಿಯಲ್ಲೂ ಇದೇ ಆಗುತ್ತದೆ. ಹಣ ತಕ್ಷಣ ಖಾತ್ರಿಯಾಗದಿದ್ದರೆ ಖರೀದಿ ಪೆಂಡಿಂಗ್ ಸ್ಥಿತಿಯಲ್ಲಿ ಬರುತ್ತದೆ. ನಿಮ್ಮ ಕೋಡ್ ‘ಪರ್ಚೇಸ್ಡ್ ಅಲ್ಲವಾ, ಹಾಗಾದರೆ ಬಿಡು’ ಅನ್ನುತ್ತದೆ. ಸರಿಯೇ, ಹಣ ಬರುವ ಮುಂಚೆ ಬೀಗ ತೆಗೆಯಬಾರದು. ಆದರೆ ಸ್ವಲ್ಪ ಹೊತ್ತಿಗೆ ಅದು ಪರ್ಚೇಸ್ಡ್ ಆದಾಗ ಮತ್ತೆ ತಿರುಗಿ ನೋಡುವವರು ಯಾರೂ ಇಲ್ಲ. ಮೂರು ದಿನದ ಗಡಿಯಾರ ಓಡಲು ಶುರುವಾಗುವುದೇ ಆಗ.

ಹಣ ವಾಪಸ್ ಹೋದರೂ ಪ್ರೀಮಿಯಂ ನಡೆಯುತ್ತಿರುವವರ ಕಥೆ ಇದರ ತಿರುವುಮುರುವು. ಅವರಿಗೆ ಕಾಲ್‌ಬ್ಯಾಕ್ ಬಂದಿದೆ. ನೀವು ಮೊದಲು ಫೋನಿನಲ್ಲಿ ‘ಪ್ರೀಮಿಯಂ ಹೌದು’ ಎಂದು ಬರೆದಿಟ್ಟು, ಆಮೇಲೆ ಅಕ್ನಾಲೆಜ್ ಕರೆದಿದ್ದೀರಿ. ಆ ಕ್ಷಣದಲ್ಲಿ ನೆಟ್ ಹೋಗಿದೆ. ಉತ್ತರ ಏನು ಬಂತೆಂದು ಕೋಡ್ ನೋಡಿಯೇ ಇಲ್ಲ, ಮತ್ತೆ ಪ್ರಯತ್ನಿಸಿಯೂ ಇಲ್ಲ. ಪ್ಲೇ ಹಣ ವಾಪಸ್ ಕೊಟ್ಟಿತು, ಫೋನಿನಲ್ಲಿ ಬರೆದದ್ದು ಹಾಗೇ ಉಳಿಯಿತು. ಅವರು ಮೋಸಗಾರರಲ್ಲ. ಎಷ್ಟೋ ಜನಕ್ಕೆ ಹಣ ವಾಪಸ್ ಬಂದಿರುವುದೇ ಗೊತ್ತಿರಲಿಕ್ಕಿಲ್ಲ.

ಬೇಜಾರು ಮಾಡಿಕೊಳ್ಳಬೇಡಿ, ಇದೇ ಗುಂಡಿಗೆ ನಾನೂ ಬಿದ್ದಿದ್ದೇನೆ. ಹಿಂದೆ ನಮ್ಮ ಒಂದು ಆ್ಯಪ್‌ನಲ್ಲಿ ಅಕ್ನಾಲೆಜ್ ಕೆಲಸವನ್ನು ಸರ್ವರ್ ಮಾಡುತ್ತಿತ್ತು. ದಸರಾ ರಜೆ. ಆಯುಧಪೂಜೆಗೆ ಸರ್ವರ್ ಡಬ್ಬಕ್ಕೂ ಕುಂಕುಮ ಇಟ್ಟು, ನಿಂಬೆಹಣ್ಣು ತುಳಿಸಿ ಎಲ್ಲರೂ ಊರಿಗೆ ಹೋದೆವು. ಮಾರನೇ ದಿನವೇ ಆ ಸರ್ವರಿನ ಎಸ್‌ಎಸ್‌ಎಲ್ ಸರ್ಟಿಫಿಕೇಟ್ (ಸರ್ವರ್ ಅಸಲಿ ಎಂದು ತೋರಿಸುವ ಪತ್ರ) ಅವಧಿ ಮುಗಿಯಿತು. ಆ್ಯಪ್‌ಗೆ ಸರ್ವರ್ ಸಿಗಲಿಲ್ಲ. ನಾವು ಸೋಮವಾರ ಬಂದು ನೋಡುವಾಗ ರಜೆಯ ಮೊದಲ ದಿನಗಳ ಆರ್ಡರುಗಳು ಸಾಲಾಗಿ ರೀಫಂಡ್ ಆಗುತ್ತಿದ್ದವು. ಪೂಜೆಯಲ್ಲಿ ಕೊರತೆಯಿರಲಿಲ್ಲ. ಅಲಾರಂ ಇರಲಿಲ್ಲ.

ಈಗ ದುರಸ್ತಿ. ಆ್ಯಪ್ ಪ್ರತಿ ಸಲ ಮುಂದೆ ಬಂದಾಗ, ಅಂದರೆ ಆನ್‌ರೆಸ್ಯೂಮ್‌ನಲ್ಲಿ, ಕ್ವೆರಿಪರ್ಚೇಸಸ್‌ಅಸಿಂಕ್ ಎಂಬ ಫಂಕ್ಷನ್ ಕರೆಯಿರಿ. ಪ್ಲೇ ತನ್ನ ಪುಸ್ತಕದಲ್ಲಿ ಈ ಗ್ರಾಹಕರ ಹೆಸರಿನಲ್ಲಿ ಚಾಲ್ತಿ ಇರುವುದನ್ನೆಲ್ಲ ಕೊಡುತ್ತದೆ. ಪರ್ಚೇಸ್ಡ್ ಆಗಿದ್ದು ಅಕ್ನಾಲೆಜ್ ಆಗಿಲ್ಲದ್ದು ಕಂಡರೆ ಅಲ್ಲೇ ಮಾಡಿ. ಪೆಂಡಿಂಗ್ ಇದ್ದರೆ ‘ಹಣ ಬರುವುದಕ್ಕೆ ಕಾಯುತ್ತಿದ್ದೇವೆ, ಮತ್ತೆ ಕಟ್ಟಬೇಡಿ’ ಎಂದು ತೋರಿಸಿ. ಈ ಒಂದು ಸಾಲು ಎಷ್ಟು ಜಗಳ ತಪ್ಪಿಸುತ್ತದೆ ಎಂದರೆ ನಂಬಲಾರಿರಿ. ಪಟ್ಟಿಯಲ್ಲಿ ಏನೂ ಇಲ್ಲದಿದ್ದರೆ ಬೀಗ ಹಾಕಿ. ಇಲ್ಲಿ ಒಂದು ಸೂಕ್ಷ್ಮವಿದೆ: ಖಾಲಿ ಪಟ್ಟಿ ಬರುವುದು ಬೇರೆ, ಎರರ್ ಬರುವುದು ಬೇರೆ. ಎರರ್ ಬಂದಾಗ ಬೀಗ ಹಾಕಿದರೆ ಬಸ್ಸಿನಲ್ಲಿ ಕೂತು ಟೆಸ್ಟ್ ಬರೆಯುತ್ತಿದ್ದವನು ಸಿಗ್ನಲ್ ಇಲ್ಲದ ಜಾಗದಲ್ಲಿ ಹೊರಗೆ ಬಿದ್ದಿರುತ್ತಾನೆ.

ಪರೀಕ್ಷಿಸುವುದು ಸುಲಭ. ಕನ್ಸೋಲ್‌ನಲ್ಲಿ ನಿಮ್ಮ ಜಿಮೇಲನ್ನು ಲೈಸೆನ್ಸ್ ಟೆಸ್ಟರ್ ಮಾಡಿಕೊಳ್ಳಿ. ಕೊಳ್ಳುವಾಗ ನಿಜವಾದ ಕಾರ್ಡಿನ ಬದಲು ಟೆಸ್ಟ್ ಕಾರ್ಡುಗಳ ಪಟ್ಟಿ ಬರುತ್ತದೆ. ಅದರಲ್ಲಿ ‘ಸ್ಲೋ ಟೆಸ್ಟ್ ಕಾರ್ಡ್’ ಎಂದು ಒಂದಿದೆ, ಕೆಲವು ನಿಮಿಷ ಬಿಟ್ಟು ಒಪ್ಪಿಗೆ ಕೊಡುವಂಥದ್ದು. ಅದನ್ನು ಆರಿಸಿ, ಆ್ಯಪ್ಪನ್ನು ಪೂರ್ತಿ ಮುಚ್ಚಿ, ಒಂದು ಲೋಟ ಕಾಫಿ ಕುಡಿದು ಬಂದು ತೆರೆಯಿರಿ. ಬೀಗ ತಾನಾಗಿ ತೆರೆದರೆ ನೀವು ಪಾಸು. ಟೆಸ್ಟರುಗಳಿಗೆ ಮೂರು ದಿನದ ಗಡುವು ಮೂರೇ ನಿಮಿಷ. ಒಂದು ತಿಂಗಳ ಸಬ್‌ಸ್ಕ್ರಿಪ್ಷನ್ ಐದು ನಿಮಿಷಕ್ಕೊಮ್ಮೆ ರಿನ್ಯೂ ಆಗುತ್ತದೆ. ಹಾಗಾಗಿ ಅರ್ಧ ಗಂಟೆಯಲ್ಲಿ ಅರ್ಧ ವರ್ಷ ನೋಡಿ ಮುಗಿಸಬಹುದು.

ಇನ್ನು ಎರಡನೇ ತಿಂಗಳು. ನೀವು ‘ಕೊಂಡ ದಿನ + 30’ ಎಂದು ಲೆಕ್ಕ ಹಾಕಿ ಬೀಗ ಹಾಕುತ್ತಿದ್ದೀರಿ, ಅದೂ ಫೋನಿನ ಗಡಿಯಾರ ನೋಡಿಕೊಂಡು. ಹಣ ಸರಿಯಾಗಿ ರಿನ್ಯೂ ಆದವರೂ 31ನೇ ದಿನ ಬೀಗ ನೋಡುತ್ತಾರೆ. ಸಿಟ್ಟಿಗೆದ್ದು ಕ್ಯಾನ್ಸಲ್ ಮಾಡುತ್ತಾರೆ. ಅತ್ತ ಫೋನಿನ ತಾರೀಕು ಹಿಂದಕ್ಕೆ ತಿರುಗಿಸಿದ ಹುಡುಗನಿಗೆ ಪ್ರೀಮಿಯಂ ಯಾವತ್ತೂ ಮುಗಿಯುವುದಿಲ್ಲ. ಆ ಸಾಲನ್ನು ಇವತ್ತೇ ಅಳಿಸಿ.

ಆದರೂ ಸ್ವಲ್ಪ ಜನ ನಿಜಕ್ಕೂ ಉದುರುತ್ತಾರೆ. ಅದಕ್ಕೆ ನಮ್ಮ ದೇಶದ್ದೇ ಆದ ಕಾರಣವಿದೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಜಾರಿಯಾಯಿತು. ತಾನಾಗಿ ಹಣ ಕಡಿತವಾಗಬೇಕಾದರೆ ಗ್ರಾಹಕರು ಮೊದಲ ಸಲ ಒಟಿಪಿ ಅಥವಾ ಪಿನ್ ಹಾಕಿ ಒಪ್ಪಬೇಕು. ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮುಂಚೆ ಅವರಿಗೆ ಸಂದೇಶ ಹೋಗಬೇಕು. ಬೇಡವಾದರೆ ಅಲ್ಲೇ ತಡೆಯುವ ಅವಕಾಶ ಇರಬೇಕು. ಮತ್ತೆ ಒಟಿಪಿ ಕೇಳದೆ ಕಡಿತ ಮಾಡಬಹುದಾದ ಮಿತಿ ಮೊದಲು 5,000 ರೂಪಾಯಿ ಇತ್ತು, 2022ರ ಜೂನ್‌ನಲ್ಲಿ 15,000 ಆಯಿತು. ನಿಮ್ಮ 99 ರೂಪಾಯಿಗೆ ಮಿತಿಯ ತೊಂದರೆ ಇಲ್ಲ. ಆದರೆ ಆ ಸಂದೇಶ ಬಂದಾಗ ‘ಅಯ್ಯೋ ಇದೊಂದು ಇತ್ತಲ್ಲ’ ಎಂದು ನೆನಪಾಗಿ ನಿಲ್ಲಿಸುವವರು ಇದ್ದೇ ಇರುತ್ತಾರೆ. ಅದು ಅವರ ಹಕ್ಕು. ಆ ನಿಯಮ ಬರುವ ಹೊತ್ತಿನಲ್ಲಿ ಗೂಗಲ್ ಪ್ಲೇ ಭಾರತದಲ್ಲಿ ಹೊಸ ಆಟೊ-ರಿನ್ಯೂ ಸಬ್‌ಸ್ಕ್ರಿಪ್ಷನ್‌ಗಳನ್ನು ಕೆಲಕಾಲ ನಿಲ್ಲಿಸಿತ್ತು. ಪ್ಲೇನಲ್ಲಿ ಸಬ್‌ಸ್ಕ್ರಿಪ್ಷನ್‌ಗೆ ಯುಪಿಐ ಆಟೊಪೇ ಬಂದದ್ದು 2022ರ ನವೆಂಬರ್‌ನಲ್ಲಿ. ಈಗ ನಿಮ್ಮಂಥ ಆ್ಯಪ್‌ಗಳ ಗ್ರಾಹಕರಲ್ಲಿ ಆಟೊಪೇ ಬಳಸುವವರೇ ಜಾಸ್ತಿ. ಓದುವ ಹುಡುಗರ ಖಾತೆಯಲ್ಲಿ ತಿಂಗಳ ಕೊನೆಗೆ 99 ರೂಪಾಯಿಯೂ ಇರುವುದಿಲ್ಲ. ಕಡಿತ ಫೇಲ್ ಆಗುತ್ತದೆ.

ಫೇಲ್ ಆದ ಕೂಡಲೇ ಕಥೆ ಮುಗಿಯಲಿಲ್ಲ. ಕನ್ಸೋಲ್‌ನಲ್ಲಿ ಗ್ರೇಸ್ ಪೀರಿಯಡ್ ಇಡಬಹುದು. ಅಷ್ಟು ದಿನ ಪ್ಲೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಗ್ರಾಹಕರ ಪ್ರವೇಶ ಹಾಗೇ ಇರಬೇಕು. ಆಮೇಲೆ ಅಕೌಂಟ್ ಹೋಲ್ಡ್. ಆಗ ಬೀಗ ಹಾಕಬೇಕು, ಆದರೆ ಸಬ್‌ಸ್ಕ್ರಿಪ್ಷನ್ ಸತ್ತಿಲ್ಲ. ಅಪ್ಪ ದುಡ್ಡು ಕಳಿಸಿದ ದಿನ ಅದು ಮತ್ತೆ ಎದ್ದು ಕೂರುತ್ತದೆ. ಹೋಲ್ಡ್‌ನಲ್ಲಿ ಇರುವವರಿಗೆ ‘ನಿಮ್ಮ ಪಾವತಿ ಆಗಿಲ್ಲ, ಇಲ್ಲಿ ಸರಿಪಡಿಸಿ’ ಎಂದು ತೋರಿಸುವ ಬದಲು ಹೊಸದಾಗಿ ಕೊಳ್ಳುವ ಬಟನ್ ತೋರಿಸುವ ತಪ್ಪು ತುಂಬ ಕಡೆ ನೋಡಿದ್ದೇನೆ.

ಗ್ರಾಹಕರ ಕಡೆಯ ಎರಡು ತಪ್ಪು ನಂಬಿಕೆಗಳೂ ನಿಮ್ಮ ತಲೆ ತಿನ್ನುತ್ತವೆ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಸಬ್‌ಸ್ಕ್ರಿಪ್ಷನ್ ನಿಲ್ಲುತ್ತದೆ ಅಂದುಕೊಂಡಿರುತ್ತಾರೆ. ನಿಲ್ಲುವುದಿಲ್ಲ. ಪ್ಲೇ ಸ್ಟೋರಿನ ಸಬ್‌ಸ್ಕ್ರಿಪ್ಷನ್ ಪುಟಕ್ಕೆ ಹೋಗಿಯೇ ನಿಲ್ಲಿಸಬೇಕು. ಹಾಗೆಯೇ ಕ್ಯಾನ್ಸಲ್ ಅಂದರೆ ಹಣ ವಾಪಸ್ ಅಲ್ಲ, ತಕ್ಷಣ ಬೀಗವೂ ಅಲ್ಲ. ಕಟ್ಟಿದ ಅವಧಿ ಮುಗಿಯುವ ತನಕ ಅದು ಅವರದ್ದೇ. ಸೆಟ್ಟಿಂಗ್ಸ್‌ನಲ್ಲಿ ‘ಸಬ್‌ಸ್ಕ್ರಿಪ್ಷನ್ ನಿಲ್ಲಿಸಿ’ ಎಂಬ ಬಟನ್ ಇಟ್ಟು ನೇರ ಆ ಪುಟಕ್ಕೆ ಕಳಿಸಿ. ಹೋಗುವವರನ್ನು ಹಿಡಿದಿಟ್ಟುಕೊಳ್ಳಲು ಆ ಬಟನ್ ಅಡಗಿಸಿದರೆ ಅವರು ಹೋಗುವ ದಾರಿ ರಿವ್ಯೂ ಪುಟದ ಮೇಲೆಯೇ ಇರುತ್ತದೆ.

ಇನ್ನು ಲೆಕ್ಕದ ಪುಸ್ತಕ ಎಲ್ಲಿಡಬೇಕು ಎನ್ನುವುದು. ನಾನು ಮೇಲೆ ಹೇಳಿದ ಹಾಗೆ ಪ್ರತಿ ಸಲ ಪ್ಲೇನನ್ನೇ ಕೇಳುವುದು ಅತಿ ಅಗ್ಗದ ದಾರಿ. ತಿಂಗಳಿಗೆ 200 ಆರ್ಡರಿಗೆ ಸಾಕು. ಅಪಾಯ ಇಲ್ಲದಿಲ್ಲ. ಆ್ಯಪ್ ಫೈಲನ್ನು ತಿದ್ದಿ ಬೀಗ ಮುರಿದು ಟೆಲಿಗ್ರಾಂನಲ್ಲಿ ಹಂಚುವವರನ್ನು ಇದು ತಡೆಯುವುದಿಲ್ಲ. ಒಂದೇ ಪಿಜಿಯ ನಾಲ್ವರು ಒಂದೇ ಜಿಮೇಲ್ ಹಾಕಿಕೊಂಡು ನಾಲ್ಕೂ ಫೋನಿನಲ್ಲಿ ಬರೆಯುವುದನ್ನೂ ತಡೆಯುವುದಿಲ್ಲ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಈ ಹಂತದಲ್ಲಿ ಆ ನಾಲ್ವರ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅವರು ಐದನೆಯವನಿಗೆ ನಿಮ್ಮ ಆ್ಯಪ್ ಹೆಸರು ಹೇಳುತ್ತಾರೆ.

ಎರಡನೆಯದು ಸ್ವಂತ ಸರ್ವರ್. ಆ್ಯಪ್ ಖರೀದಿಯ ಟೋಕನ್ನನ್ನು ಸರ್ವರ್‌ಗೆ ಕೊಡುತ್ತದೆ. ಸರ್ವರ್ ಗೂಗಲ್‌ನ ಡೆವಲಪರ್ ಎಪಿಐಯನ್ನು (ಸರ್ವರುಗಳು ತಮ್ಮಲ್ಲೇ ಮಾತಾಡಿಕೊಳ್ಳುವ ಕಿಂಡಿ) ಕೇಳಿ ಖಾತ್ರಿ ಮಾಡಿಕೊಳ್ಳುತ್ತದೆ, ತಾನೇ ಅಕ್ನಾಲೆಜ್ ಮಾಡುತ್ತದೆ. ರಿನ್ಯೂವಲ್, ಕ್ಯಾನ್ಸಲ್, ಹೋಲ್ಡ್ ಏನೇ ಆದರೂ ಪ್ಲೇ ಕಡೆಯಿಂದ ಅದಕ್ಕೆ ಸೂಚನೆ ಬರುತ್ತದೆ. ಸೂಚನೆಯನ್ನೇ ಲೆಕ್ಕ ಅಂದುಕೊಳ್ಳಬೇಡಿ. ಅದು ‘ಏನೋ ಬದಲಾಗಿದೆ’ ಎಂದು ಬಾಗಿಲು ತಟ್ಟುವುದು ಮಾತ್ರ. ಪೂರ್ತಿ ವಿವರವನ್ನು ಎಪಿಐ ಕರೆದು ನೋಡಿಕೊಳ್ಳಬೇಕು. ಖರೀದಿ ಶುರುವಾಗುವಾಗಲೇ ನಿಮ್ಮ ಬಳಕೆದಾರರ ಐಡಿಯನ್ನು ಗುರುತು ಸಿಗದ ಹಾಗೆ ಹ್ಯಾಶ್ ಮಾಡಿ ಸೇರಿಸಿದರೆ, ಯಾವ ಆರ್ಡರ್ ಯಾರದ್ದು ಎಂಬ ಗೊಂದಲ ಇರುವುದಿಲ್ಲ. ಇಲ್ಲಿನ ಅಪಾಯ ನನ್ನ ದಸರಾ ಕಥೆಯಲ್ಲೇ ಇದೆ: ಸರ್ವರ್ ಮಲಗಿದರೆ ವ್ಯಾಪಾರ ಮಲಗುತ್ತದೆ. ನೀವು ಐಫೋನ್ ಆವೃತ್ತಿ ಮಾಡುವ ದಿನ ಇದಕ್ಕೆ ಬನ್ನಿ, ಅದಕ್ಕೂ ಮುಂಚೆ ಅವಸರ ಬೇಡ. ಅಲ್ಲಿ ಮೂರು ದಿನದ ರೀಫಂಡ್ ನಿಯಮ ಇಲ್ಲ. ನೀವು ಮುಗಿಸದ ವ್ಯವಹಾರವನ್ನು ಆ್ಯಪಲ್‌ನ ಬಿಲ್ಲಿಂಗ್ ವ್ಯವಸ್ಥೆಯಾದ ಸ್ಟೋರ್‌ಕಿಟ್ ಪ್ರತಿ ಸಲ ಆ್ಯಪ್ ತೆರೆದಾಗ ಮುಂದೆ ತಂದಿಡುತ್ತದೆ. ಹಳೆಯ ಖರೀದಿಯನ್ನು ಮರಳಿ ಪಡೆಯುವ ‘ರಿಸ್ಟೋರ್’ ಬಟನ್ ಇಲ್ಲದಿದ್ದರೆ ಆ್ಯಪಲ್‌ನ ಪರಿಶೀಲನೆಯಲ್ಲೇ ವಾಪಸ್ ಬರುತ್ತದೆ. ಅಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು.

ಮೂರನೆಯದು ರೆವೆನ್ಯೂಕ್ಯಾಟ್‌ನಂಥ ಸೇವೆಗೆ ಈ ಪುಸ್ತಕವನ್ನು ವಹಿಸುವುದು. ಕೆಲಸ ಎರಡು ದಿನದಲ್ಲಿ ಮುಗಿಯುತ್ತದೆ, ಸಣ್ಣ ವಹಿವಾಟಿಗೆ ಉಚಿತ. ಆದರೆ ಬೆಳೆದ ಮೇಲೆ ಪಾಲು ಕೊಡಬೇಕು. ಮುಂದೊಂದು ದಿನ ಹೊರಬರುವಾಗ ಗ್ರಾಹಕರ ಚರಿತ್ರೆಯನ್ನೆಲ್ಲ ಹೊತ್ತು ತರುವ ಕೆಲಸ ನಿಮ್ಮದೇ.

ಗೆಳೆಯನ ಕ್ಯೂಆರ್ ಸಲಹೆಗೆ ಬರೋಣ. ಆ್ಯಪ್ ಒಳಗೆ ಬಳಸುವ ಡಿಜಿಟಲ್ ಸರಕಿಗೆ ಸುಮ್ನೆ ಕ್ಯೂಆರ್ ಹಾಕುವುದು ಪ್ಲೇ ನಿಯಮಕ್ಕೆ ವಿರುದ್ಧ. ಪುಸ್ತಕ ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸಿದರೆ ಆ ಮಾತು ಬೇರೆ. 2024ರ ಮಾರ್ಚ್ 1ರಂದು ಗೂಗಲ್ ಕೇಳುವ ಶುಲ್ಕದ ಜಗಳದಲ್ಲಿ ಭಾರತ್ ಮ್ಯಾಟ್ರಿಮೊನಿ, ಶಾದಿ, ನೌಕರಿಯಂಥ ಆ್ಯಪ್‌ಗಳೇ ಪ್ಲೇ ಸ್ಟೋರಿನಿಂದ ಮಾಯವಾದವು. ಕೇಂದ್ರ ಸರ್ಕಾರ ಮಧ್ಯೆ ಬಂತು, ಕೆಲವೇ ದಿನದಲ್ಲಿ ಮರಳಿದವು. ನಿಮಗಾಗಿ ಯಾವ ಮಂತ್ರಿಯೂ ಫೋನ್ ಮಾಡುವುದಿಲ್ಲ.

ನ್ಯಾಯವಾದ ಬೇರೆ ದಾರಿ ಒಂದಿದೆ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಪ್ಲೇ ಬಿಲ್ಲಿಂಗ್ ವಿಚಾರಕ್ಕೆ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. ಅದಾದ ಮೇಲೆ ಇಲ್ಲಿನ ಡೆವಲಪರುಗಳು ಬೇರೆ ಪೇಮೆಂಟ್ ಗೇಟ್‌ವೇಯನ್ನೂ (ಹಣ ಕಟ್ಟಿಸಿಕೊಡುವ ಬೇರೆ ಕಂಪನಿಯ ಸೇವೆ) ಪ್ಲೇ ಬಿಲ್ಲಿಂಗ್ ಪಕ್ಕದಲ್ಲಿ ಇಡುವ ಅವಕಾಶ ಬಂತು. ಹಾಗೆ ಬಂದ ಹಣಕ್ಕೂ ಗೂಗಲ್ ಶುಲ್ಕ ಇದೆ, ನಾಲ್ಕು ಪರ್ಸೆಂಟ್ ಕಡಿಮೆ ಅಷ್ಟೇ. ಲೆಕ್ಕ ಹಾಕಿ ನೋಡಿ, ತೆರಿಗೆ ಬದಿಗಿಟ್ಟು. ಸಬ್‌ಸ್ಕ್ರಿಪ್ಷನ್‌ಗೆ 2022ರ ಜನವರಿಯಿಂದ 15 ಪರ್ಸೆಂಟ್, 99ರಲ್ಲಿ 14.85 ರೂಪಾಯಿ. ಗೇಟ್‌ವೇ ದಾರಿಯಲ್ಲಿ 11 ಪರ್ಸೆಂಟ್, 10.89. ಗೇಟ್‌ವೇಯವರು 2 ಪರ್ಸೆಂಟ್ ತೆಗೆದುಕೊಂಡರು ಅನ್ನಿ, ಅದು 1.98. ಒಟ್ಟು 12.87. ಉಳಿದದ್ದು ಎರಡು ರೂಪಾಯಿಗೆ ಎರಡು ಪೈಸೆ ಕಡಿಮೆ. ಅದಕ್ಕಾಗಿ ರೀಫಂಡ್, ರಸೀದಿ, ರಾತ್ರಿ ಹನ್ನೊಂದಕ್ಕೆ ಬರುವ ಫೋನ್ ಎಲ್ಲ ನಿಮ್ಮ ಹೆಗಲಿಗೆ. ಒಬ್ಬರೇ ನಡೆಸುವ ಆ್ಯಪ್‌ಗೆ ನಾನಂತೂ ಬೇಡ ಅನ್ನುತ್ತೇನೆ.

ಸಬ್‌ಸ್ಕ್ರಿಪ್ಷನ್ ಬಿಟ್ಟುಬಿಡಲಾ ಎಂದು ಕೇಳಿದಿರಿ. ನನ್ನ ಅಭಿಪ್ರಾಯ: ಆಟೊ-ರಿನ್ಯೂ ಬಿಡಿ. ನಿಮ್ಮ ಗ್ರಾಹಕರು ಪರೀಕ್ಷೆ ತನಕ ಓದುವವರು, ಜೀವನಪೂರ್ತಿ ಅಲ್ಲ. ಪರೀಕ್ಷೆ ಮುಗಿದ ಮೇಲೂ 99 ಕಡಿತವಾದರೆ ಬಯ್ಯುತ್ತಾರೆ. ಪ್ಲೇನಲ್ಲಿ ಪ್ರಿಪೇಯ್ಡ್ ಪ್ಲಾನ್ ಎಂದು ಇದೆ. ಸಿಮ್‌ಗೆ ರೀಚಾರ್ಜ್ ಮಾಡಿಸಿದ ಹಾಗೆ ಮೂರು ತಿಂಗಳಿಗೆ ಒಮ್ಮೆ ಕಟ್ಟುವುದು. ಮ್ಯಾಂಡೇಟ್ ಇಲ್ಲ, ತಾನಾಗಿ ಕಡಿತವಿಲ್ಲ. ಪರೀಕ್ಷೆ ತಾರೀಕು ಮುಂದೆ ಹೋದರೆ ಟಾಪ್-ಅಪ್ ಮಾಡಿಕೊಳ್ಳುತ್ತಾರೆ, ನಮ್ಮಲ್ಲಿ ಅದು ಮುಂದೆ ಹೋಗುವುದು ಹೊಸದೇನಲ್ಲ. ಇಲ್ಲಿ ನಷ್ಟ ಏನೆಂದರೆ ಮರೆತು ಕಟ್ಟುವವರ ಹಣ ಬರುವುದಿಲ್ಲ, ನೇಮಕಾತಿ ಅಧಿಸೂಚನೆ ಇಲ್ಲದ ತಿಂಗಳುಗಳಲ್ಲಿ ಗಲ್ಲಾ ಖಾಲಿ. ವಾರಕ್ಕಿಂತ ಸಣ್ಣ ಪ್ಲಾನ್ ಮಾಡಿದರೆ ಒಂದು ಎಚ್ಚರ: ಅದಕ್ಕೆ ಅಕ್ನಾಲೆಜ್ ಗಡುವು ಮೂರು ದಿನವಲ್ಲ, ಪ್ಲಾನಿನ ಅವಧಿಯ ಅರ್ಧ. ಜಿಎಸ್‌ಟಿ, ಟಿಡಿಎಸ್ ವಿಚಾರಕ್ಕೆ ಒಬ್ಬ ಸಿಎ ಹತ್ತಿರ ಒಂದು ಗಂಟೆ ಕೂತು ಬನ್ನಿ.

ಕೊನೆಗೆ, ಆಗಲೇ ನೊಂದವರ ವಿಷಯ. ಹಣ ವಾಪಸ್ ಹೋದವರಿಂದ ಮತ್ತೆ ವಸೂಲಿ ಮಾಡುವ ದಾರಿ ಇಲ್ಲ, ಹುಡುಕಬೇಡಿ. ಹಣ ಕಟ್ಟಿ ಎರಡು ಮೂರು ದಿನ ಬೀಗ ನೋಡಿ, ಆಮೇಲೆ ಸರಿಹೋದವರ ಮುಂದಿನ ಬಿಲ್ ತಾರೀಕನ್ನು ಎಪಿಐ ಮೂಲಕ ಒಂದು ವಾರ ಮುಂದೂಡಿ. ಹೊಸ ಆವೃತ್ತಿ ಬಿಟ್ಟ ಮೇಲೆ ಆ ಒಂದು ಸ್ಟಾರ್ ರಿವ್ಯೂಗಳಿಗೆ ಒಂದೊಂದಾಗಿ ಉತ್ತರ ಬರೆಯಿರಿ. ನಾನಾದರೆ ಇಷ್ಟೇ ಬರೆಯುತ್ತಿದ್ದೆ: ‘ನಿಮ್ಮ ಹಣ ಬಂದಿದ್ದರೂ ನಮ್ಮ ಆ್ಯಪ್ ಅದನ್ನು ಗಮನಿಸಿರಲಿಲ್ಲ. ತಪ್ಪು ನಮ್ಮದು. ಮೂರನೇ ದಿನಕ್ಕೆ 99 ರೂಪಾಯಿ ವಾಪಸ್ ಹೋಗಿರಬೇಕು, ಒಮ್ಮೆ ನೋಡಿಕೊಳ್ಳಿ. ಬಂದಿಲ್ಲದಿದ್ದರೆ ರಸೀದಿಯಲ್ಲಿ ಜಿಪಿಎ ಎಂದು ಶುರುವಾಗುವ ಆರ್ಡರ್ ನಂಬರನ್ನು ನಮಗೆ ಮೇಲ್ ಮಾಡಿ.’